ಸಲಾಲಾಕ್ಕೆ ಹೋದ ತೆಂಗಿನಕಾಯಿ

ನಾನು ಎಲ್ಲವನ್ನೂ ಕ್ರಮವಾಗಿ ಮಾಡುವವಳು. ದಿನವೂ ದಿನಚರಿ ಬರೆಯುತ್ತೇನೆ. ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವ ನನ್ನ ಬೆಳಗಿನ ಬಸ್ಸು ತಡವಾಗಿ ಬಂದರೆ ಅದರಲ್ಲಿ ಕೆಂಪು ಗುರುತು, ಹೊತ್ತಿಗೆ ಸರಿಯಾಗಿ ಬಂದರೆ ಹಸಿರು ಗುರುತು. ಹಸಿರು ಪೆನ್ನು ಕೊಂಡು ಎರಡು ವರ್ಷವಾಯಿತು, ಇನ್ನೂ ಹೊಸದಾಗಿಯೇ ಇದೆ.

ಭಟ್ಕಳದ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿ. ಈ ವರ್ಷ ಶಾಲೆ ಶುರುವಾದ ಕೂಡಲೇ ‘ಎರಡು ನೆರೆಯ ದೇಶಗಳು: ಭೂಗೋಳ ಮತ್ತು ಸಮಾಜ’ ಎಂಬ ದೊಡ್ಡದೊಂದು ಚಾರ್ಟು ಮಾಡಿ ಗೋಡೆಗೆ ಹಾಕಿದೆ. ಎಡಗಡೆ ಯುಎಇ, ಬಲಗಡೆ ಒಮಾನ್. ನಡುವೆ ಸ್ಕೇಲು ಹಿಡಿದು ಎಳೆದ ನೇರವಾದ ಗೆರೆ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನರ ಅಪ್ಪನೋ ಮಾವನೋ ಚಿಕ್ಕಪ್ಪನೋ ಗಲ್ಫಿನಲ್ಲಿರುವವರೇ. ಅವರಿಗೆ ಆ ದೇಶಗಳ ಬಗ್ಗೆ ಸರಿಯಾದ ತಿಳಿವಳಿಕೆ ಕೊಡುವುದು ನನ್ನ ಕರ್ತವ್ಯ ಎಂದು ನನಗೆ ಅನ್ನಿಸಿತ್ತು. ಅವರಲ್ಲಿ ಒಬ್ಬರನ್ನಾದರೂ ಒಂದು ಮಾತು ಕೇಳಬಹುದಿತ್ತು ಎಂದು ಮಾತ್ರ ಅನ್ನಿಸಲಿಲ್ಲ.

ಚಾರ್ಟಿನ ‘ಹವಾಮಾನ’ ಎಂಬ ಸಾಲಿನಲ್ಲಿ ಎರಡೂ ಕಡೆಗೆ ಒಂದೇ ವಾಕ್ಯವಿತ್ತು: ‘ಮರುಭೂಮಿ. ಅತಿ ಸೆಕೆ. ಮಳೆ ಇಲ್ಲವೆಂದರೂ ನಡೆಯುತ್ತದೆ.’

ಇದನ್ನು ನೆನಪಿಟ್ಟುಕೊಳ್ಳಿ. ನಾನಂತೂ ಸಾಯುವವರೆಗೆ ಮರೆಯುವುದಿಲ್ಲ.

ಅದೇ ಹೊತ್ತಿಗೆ ಕುಮಟೆಯಲ್ಲಿರುವ ನನ್ನ ಗಿರಿಜತ್ತೆ ಒಮಾನಿಗೆ ಹೊರಟಳು. ಗಿರಿಜತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅವಳ ಮಗಳು ಸುಜಾತಕ್ಕನಿಗೆ ಎರಡನೆಯ ಹೆರಿಗೆ ಹತ್ತಿರ ಬಂದಿತ್ತು. ಮೊದಲ ಬಾಣಂತನ ಕುಮಟೆಯಲ್ಲೇ ಆಗಿತ್ತು. ಈ ಸಲ ಭಾವನಿಗೆ ದುಬೈಯಿಂದ ಒಮಾನಿನ ಸಲಾಲಾ ಎಂಬ ಊರಿಗೆ ವರ್ಗವಾಗಿ ಕೆಲವೇ ತಿಂಗಳಾಗಿತ್ತು. ದೊಡ್ಡ ಮಗನನ್ನು ಅಲ್ಲಿನ ಶಾಲೆಗೆ ಸೇರಿಸಿಯೂ ಆಗಿತ್ತು. ಮಗಳು ಬರುವ ಹಾಗಿರಲಿಲ್ಲ, ಹಾಗಾಗಿ ತಾಯಿಯೇ ಹೋಗಬೇಕಾಯಿತು.

ಅತ್ತೆ ಹಿಂದೊಮ್ಮೆ ಮಾವನ ಜೊತೆ ದುಬೈ ನೋಡಿ ಬಂದವಳು. “ಕಾವಲಿ ಮೇಲೆ ಕೂತಂಗೆ ಆಗಿತ್ತು ಮಾರಾಯ್ತಿ” ಎಂದು ಈಗಲೂ ಹೇಳುತ್ತಾಳೆ. ಆದರೆ ಒಬ್ಬಳೇ ವಿಮಾನ ಹತ್ತುವುದು ಇದೇ ಮೊದಲು. ಅವಳಿಗೆ ಒಬ್ಬ ಸಲಹೆಗಾರರು ಬೇಕಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ನಾನೇ ನೇಮಕವಾದೆ.

ಭಾನುವಾರ ಚಾರ್ಟನ್ನು ಸುರುಳಿ ಸುತ್ತಿಕೊಂಡು ಕುಮಟೆಗೆ ಹೋದೆ. ಅತ್ತೆ ಜಗಲಿಯಲ್ಲಿ ಕೂತು ಹೊದಿಕೆ ಹೊಲಿಯುತ್ತಿದ್ದಳು. ಹುಟ್ಟುವ ಮಗುವಿಗೆ. ಕೆಳಗಿನ ಪದರ ನನ್ನ ಅಜ್ಜಿಯ, ಎಂದರೆ ಅತ್ತೆಯ ತಾಯಿಯ, ಹತ್ತಿ ಸೀರೆಯದು, ಮೇಲಿನದು ಅತ್ತೆಯ ಹಳೆಯ ಸೀರೆಗಳದು, ಸುತ್ತಲಿನ ಅಂಚು ಅವಳ ಮದುವೆ ಸೀರೆಯದು. ನಾವೆಲ್ಲರೂ ಹುಟ್ಟಿದ ಮೇಲೆ ಮೊದಲು ಮಲಗಿದ್ದು ಇಂಥದೇ ಒಂದು ಹೊದಿಕೆಯಲ್ಲಿ. ಸುಜಾತಕ್ಕನ ದೊಡ್ಡ ಮಗನೂ ಹಾಗೇ. ಅಜ್ಜಿಯ ಸೀರೆಗಳಲ್ಲಿ ಉಳಿದದ್ದು ಅದೊಂದೇ ಆಗಿತ್ತು. ಅದನ್ನು ಅತ್ತೆ ಈ ಮಗುವಿಗೆಂದೇ ಇಟ್ಟುಕೊಂಡಿದ್ದಳು.

ನಾನು ಚಾರ್ಟನ್ನು ಗೋಡೆಗೆ ನೇತುಹಾಕಿದೆ. ಪಕ್ಕದ ಮನೆಯವರೂ ಬಂದು ಕೂತರು. ಪಾಠ ಶುರುವಾಯಿತು.

“ಯುಎಇ ಎಂದರೆ ಏಳು ಸಂಸ್ಥಾನ ಸೇರಿ ಆದ ದೇಶ. ಒಮಾನಿನಲ್ಲಿ ಒಬ್ಬನೇ ಸುಲ್ತಾನ. ಅಲ್ಲಿ ದಿರ್ಹಮ್, ಇಲ್ಲಿ ರಿಯಾಲ್. ಒಂದು ರಿಯಾಲಿಗೆ ಸಾವಿರ ಬೈಸಾ.”

“ಸಾವಿರನಾ? ಚಿಲ್ಲರೆ ಎಣಿಸೂದ್ರೊಳಗೆ ಸಂಜೆ ಆತು ಬಿಡು” ಎಂದಳು ಅತ್ತೆ, ಸೂಜಿಗೆ ದಾರ ಪೋಣಿಸುತ್ತ.

“ದುಬೈಯಲ್ಲಿ ಟ್ಯಾಕ್ಸಿ ಓಡಿಸುವವರು ಹೆಚ್ಚಾಗಿ ಹೊರದೇಶದವರು. ಒಮಾನಿನಲ್ಲಿ ಆ ದೇಶದವರೇ ಓಡಿಸುತ್ತಾರೆ. ತಲೆಗೆ ಕಸೂತಿ ಹಾಕಿದ ದುಂಡು ಟೋಪಿ ಇಡುತ್ತಾರೆ. ಇನ್ನೊಂದು ವಿಶೇಷ. ಒಮಾನಿನ ಒಂದು ತುಂಡು ಯುಎಇಯ ಆಚೆ ಬೇರೆಯಾಗಿ ಬಿದ್ದಿದೆ. ಒಮಾನಿನವರು ರಸ್ತೆಯಲ್ಲಿ ತಮ್ಮದೇ ನೆಲಕ್ಕೆ ಹೋಗಬೇಕಾದರೆ ಪರದೇಶ ದಾಟಬೇಕು.”

ಇದು ಕಷ್ಟದ ವಿಷಯ, ಬಿಡಿಸಿ ಹೇಳೋಣ ಎಂದು ನಾನು ಸೀಮೆಸುಣ್ಣ ತೆಗೆದೆ. ಅಷ್ಟರಲ್ಲಿ ಅತ್ತೆ, “ನಮ್ಮ ಗದ್ದೆ ಹಂಗೇ. ನಡುವೆ ಶೇಷಪ್ಪಂದು, ಆಚೆ ನಮ್ಮದೇ ಒಂದು ತುಂಡು. ನೇಗಿಲು ಒಯ್ಯೂಕೂ ಅವನ ಹತ್ರ ಕೇಳ್ಬೇಕು” ಎಂದಳು. ಕೂತವರೆಲ್ಲ ತಲೆಯಾಡಿಸಿದರು. ಸೀಮೆಸುಣ್ಣ ಚೀಲಕ್ಕೆ ಹೋಯಿತು.

ಕೊನೆಗೆ ಹವಾಮಾನಕ್ಕೆ ಬಂದೆ. ಮರುಭೂಮಿ, ಸೆಕೆ, ಮಳೆ ಇಲ್ಲ.

“ಇಡೀ ದೇಶಕ್ಕೂ ಒಂದೇ ಹವೆಯೇನೆ?” ಅತ್ತೆ ಕೇಳಿದಳು. “ನಮ್ಮ ಕುಮಟೆಲಿ ಮಳೆ ಹೊಯ್ವಾಗ ಬಿಜಾಪುರದಲ್ಲಿ ಧೂಳು ಹಾರ್ತದೆ.”

ಅದು ಇಡೀ ದಿನದಲ್ಲಿ ನನಗೆ ಬಂದ ಅತ್ಯುತ್ತಮ ಪ್ರಶ್ನೆಯಾಗಿತ್ತು. ನಾನು ಫೋನು ತೆಗೆದು ‘ಒಮಾನ್ ಹವಾಮಾನ’ ಎಂದು ಹುಡುಕಿ ಅವಳ ಮುಖದ ಮುಂದೆ ಹಿಡಿದೆ. ನಲವತ್ತನಾಲ್ಕು ಡಿಗ್ರಿ ಎಂದು ದೊಡ್ಡ ಅಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಸ್ಕತ್’ ಎಂದಿತ್ತು. ಸಣ್ಣ ಅಕ್ಷರವನ್ನು ಓದಬೇಕೆಂದು ನಾನು ಮಕ್ಕಳಿಗೆ ದಿನವೂ ಹೇಳುತ್ತೇನೆ.

“ಆತು ಮಾರಾಯ್ತಿ, ಓದಿದವಳು ನೀನು” ಎಂದಳು ಅತ್ತೆ.

ಮರುದಿನ ಸುಜಾತಕ್ಕ ಫೋನು ಮಾಡಿದಳು. ಜೋರು ಮಳೆಯೆಂದು ಶಾಲೆಗೆ ರಜೆ ಕೊಟ್ಟಿದ್ದರಿಂದ ನಾನಿನ್ನೂ ಕುಮಟೆಯಲ್ಲೇ ಇದ್ದೆ. ಅತ್ತೆ ಸ್ಪೀಕರಿಗೆ ಹಾಕಿದಳು.

“ಆಯೀ, ಇಲ್ಲೂ ಮಳೆಗಾಲ ಶುರುವಾತು. ಬೆಳಿಗ್ಗಿಂದ ಜಿಟಿಜಿಟಿ. ಬಟ್ಟೆ ಒಣಗೂದೇ ಇಲ್ಲ.”

ಅತ್ತೆ ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಸಮಾಧಾನ ಹೇಳಿದೆ. ಫೋನು ಇಟ್ಟ ಮೇಲೆ ದನಿ ತಗ್ಗಿಸಿ ವಿವರಿಸಿದೆ: “ಅತ್ತೆ, ಇದು ಊರಿನ ನೆನಪು. ತುಂಬು ಗರ್ಭಿಣಿಯರಿಗೆ ಹೀಗೆಲ್ಲ ಆಗುತ್ತದೆ. ಮಳೆ ಬರುತ್ತಿರುವುದು ಅವಳ ಮನಸ್ಸಿನಲ್ಲಿ.”

“ಬಟ್ಟೆ ಒಣಗೂದಿಲ್ಲ ಅಂದ್ಲಲೆ?”

“ಅದೂ ಮನಸ್ಸಿನಲ್ಲೇ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ಮರಳುಗಾಡಿನಲ್ಲಿ ಕೂತು ಮಳೆಯನ್ನು ಕಲ್ಪಿಸಿಕೊಳ್ಳುತ್ತಿದ್ದಾಳೆ ಎಂದರೆ ಯಾವ ತಾಯಿಗೆ ತಡೆದೀತು? ನಾನೂ ಕಣ್ಣೊರೆಸಿಕೊಂಡೆ.

ಸಂಜೆಗೆ ಸುಜಾತಕ್ಕನಿಂದ ಒಂದು ಫೋಟೊ ಬಂತು. ಸಾಲು ತೆಂಗಿನ ಮರ, ಹಿಂದೆ ಹಸಿರು ಗುಡ್ಡ, ಮಂಜು. ನಾನು ಒಂದು ಕ್ಷಣವೂ ತಡಮಾಡದೆ ಗುರುತಿಸಿದೆ. “ಇದು ನಮ್ಮ ಹೊನ್ನಾವರದ ಕಡೆಯದೇ. ಮೊದಲ ಹೆರಿಗೆಗೆ ಬಂದಾಗ ತೆಗೆದದ್ದಿರಬೇಕು. ಪಾಪ, ಹಳೆಯ ಫೋಟೊ ನೋಡುತ್ತ ಕೂತಿದ್ದಾಳೆ.”

ಇಷ್ಟು ಹೊತ್ತು ಪೇಪರು ಓದುತ್ತಿದ್ದ ಮಾವ ಕನ್ನಡಕ ಮೇಲೇರಿಸಿ ಫೋನನ್ನು ಹತ್ತಿರ ಹಿಡಿದರು. “ಈ ಮೂಲೆಲಿ ನಿಂತದ್ದು ಎಂತದು?”

ಮಂಜಿನಲ್ಲಿ ಮಸುಕಾಗಿ ಒಂದು ಪ್ರಾಣಿ ನಿಂತಿತ್ತು. “ಎಮ್ಮೆ” ಎಂದೆ.

“ಎಮ್ಮೆ ಕುತ್ತಿಗೆ ಇಷ್ಟುದ್ದ ಇರ್ತದ್ಯೆ?”

“ಫೋಟೊ ತೆಗೆಯುವಾಗ ಕೈ ಅಲುಗಿದೆ ಮಾವ.”

ಮಾವ ಮತ್ತೆ ಪೇಪರಿನ ಹಿಂದೆ ಹೋದರು. ಅವರಿಗೆ ಸಮಾಧಾನವಾಗಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ.

ಊರಿನ ನೆನಪಿನಲ್ಲಿ ಕೊರಗುತ್ತಿರುವ ಮಗಳಿಗೆ ಊರನ್ನೇ ಒಯ್ಯಬೇಕು ಎಂದು ತೀರ್ಮಾನವಾಯಿತು. ತೀರ್ಮಾನ ನನ್ನದು. ಸುಜಾತಕ್ಕ ಆಮೇಲೂ ಎರಡು ಸಲ ಫೋನಿನಲ್ಲಿ, “ಎಂತದೂ ತರೂದು ಬ್ಯಾಡ, ಇಲ್ಲಿ ಎಲ್ಲ ಸಿಕ್ತದೆ” ಎಂದಿದ್ದಳು. ಎಲ್ಲ ಹೆಣ್ಣುಮಕ್ಕಳೂ ಹಾಗೇ ಹೇಳುತ್ತಾರೆ. ಯಾವ ತಾಯಿಯೂ ಅದನ್ನು ನಂಬಿದ್ದಿಲ್ಲ.

ಪೆಟ್ಟಿಗೆ ಕಟ್ಟುವ ದಿನ ಮಾವ ಪಕ್ಕದ ತರಕಾರಿ ಅಂಗಡಿಯಿಂದ ಕೊಕ್ಕೆಯ ತಕ್ಕಡಿ ತಂದು ಜಂತಿಗೆ ನೇತುಹಾಕಿದರು. ಬಾಣಂತಿ ಲೇಹ್ಯ, ಕಷಾಯದ ಪುಡಿ, ಎಣ್ಣೆ ಕಾಸುವ ಸಾಮಾನು, ಅತ್ತೆಯ ಸೀರೆಗಳು, ಮಗುವಿನ ಹೊದಿಕೆ, ಒಂದು ಉಣ್ಣೆಯ ಶಾಲು, ಒಂದು ಕೊಡೆ. ತೂಕ ಹೆಚ್ಚುಕಡಿಮೆ ಸರಿಯಾಗಿತ್ತು. ಅಷ್ಟರಲ್ಲಿ ನಾನು ಎರಡು ವಸ್ತು ತಂದು ಮುಂದಿಟ್ಟೆ: ಸುಲಿದ ಹನ್ನೆರಡು ತೆಂಗಿನಕಾಯಿ ಮತ್ತು ಧೂಪದ ಒಂದು ದೊಡ್ಡ ಪೊಟ್ಟಣ.

“ಮರುಭೂಮಿಯಲ್ಲಿ ತೆಂಗಿನಕಾಯಿ ಎಲ್ಲಿ ಸಿಗಬೇಕು? ಬಾಣಂತಿಗೆ ಮೀಯಿಸಿದ ಮೇಲೆ ಕೂದಲಿಗೆ ಹೊಗೆ ಹಾಕಲು ಧೂಪ ಎಲ್ಲಿ ಸಿಗಬೇಕು?”

ತಕ್ಕಡಿಯ ಮುಳ್ಳು ಒಪ್ಪಲಿಲ್ಲ. ಏನನ್ನಾದರೂ ತೆಗೆಯಬೇಕಾಯಿತು. ಶಾಲು ಹೋಯಿತು, ಕೊಡೆ ಹೋಯಿತು. ಮುಳ್ಳು ಇನ್ನೂ ಆಚೆಯೇ ಇತ್ತು. ನನ್ನ ಕೈ ಹೊದಿಕೆಯ ಮೇಲೆ ಹೋಯಿತು.

“ಅದು ಇರ್ಲಿ ತಂಗಿ” ಎಂದಳು ಅತ್ತೆ.

“ಅತ್ತೆ, ನಲವತ್ತನಾಲ್ಕು ಡಿಗ್ರಿ. ಈ ದಪ್ಪ ಹೊದಿಕೆಯಲ್ಲಿ ಮಗುವನ್ನು ಸುತ್ತಿದರೆ ಬಾಳೆ ಎಲೆಯಲ್ಲಿ ಸುತ್ತಿಟ್ಟ ಕಡುಬಿನ ಹಾಗೆ ಬೆಂದುಹೋಗುತ್ತದೆ.”

ಅತ್ತೆ ಹೊದಿಕೆಯ ಅಂಚನ್ನು ಬೆರಳಲ್ಲಿ ಒಮ್ಮೆ ಸವರಿದಳು. “ಅಜ್ಜಿ ಸೀರೆ ಅದು” ಎಂದಳು.

“ಮುಂದಿನ ವರ್ಷ ಅವರೆಲ್ಲ ಊರಿಗೆ ಬಂದಾಗ ಹೊದಿಸಿದರಾಯಿತು.”

“ಮುಂದಿನ ವರ್ಷಕ್ಕೆ ಅದು ಓಡಾಡ್ತದೆ ಮಾರಾಯ್ತಿ.” ಅಷ್ಟು ಹೇಳಿ, ಓದಿದವಳ ಮುಂದೆ ಇನ್ನೇನು ಎಂಬಂತೆ ಅವಳೇ ಮಡಚಿ ನನ್ನ ಕೈಗೆ ಕೊಟ್ಟಳು. ಹೊದಿಕೆಯ ಜಾಗದಲ್ಲಿ ತೆಂಗಿನಕಾಯಿಗಳು ಒಂದರ ಪಕ್ಕ ಒಂದು ಕ್ರಮವಾಗಿ ಕೂತವು. ಜೋಡಿಸಿದ ರೀತಿಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಹೊರಡುವ ದಿನ ಕುಮಟೆ ಸ್ಟೇಷನ್ನಿನಲ್ಲಿ ಆಕಾಶವೇ ಹರಿದುಬಿದ್ದ ಹಾಗೆ ಮಳೆ. ಮಾವ ಗೋವಾ ವಿಮಾನ ನಿಲ್ದಾಣದವರೆಗೆ ಬಿಟ್ಟು ಬರಲು ಜೊತೆಗೆ ಹೊರಟಿದ್ದರು. ರೈಲು ಬಂತು. ಅತ್ತೆ ಹತ್ತಿದಳು. ಬಾಗಿಲಲ್ಲಿ ನಿಂತು ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಪೆಟ್ಟಿಗೆಯಿಂದ ತೆಗೆದಿಟ್ಟಿದ್ದ ಕೊಡೆಯನ್ನು ಅವಳು ಕೈಯಲ್ಲಿ ಹಿಡಿದು ತಂದಿದ್ದಳು. ನಾನು ಬಿಡಲಿಲ್ಲ.

“ಅತ್ತೆ, ಅಲ್ಲಿ ಕೊಡೆ ಹಿಡಿದು ನಿಂತರೆ ಜನ ನಗುತ್ತಾರೆ” ಎಂದು ಕೈ ಚಾಚಿ ಇಸಿದುಕೊಂಡೆ. ಅದೇ ಕೊಡೆ ಹಿಡಿದು, ಒಂದು ಹನಿಯೂ ತಾಗದೆ, ಬೆಚ್ಚಗೆ ಮನೆಗೆ ಬಂದೆ. ದಿನಚರಿಯಲ್ಲಿ ಬರೆದೆ: ‘ಎಲ್ಲವೂ ಯೋಜನೆಯಂತೆ.’

ಎರಡು ದಿನ ಬಿಟ್ಟು ವಿಡಿಯೊ ಕರೆ ಬಂತು. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿದ್ದೆ. ಪಕ್ಕದಲ್ಲಿ ನಸ್ರೀನ್ ಇದ್ದಳು. ಅವಳು ಗಣಿತದ ಶಿಕ್ಷಕಿ, ಭಟ್ಕಳದ ಪಕ್ಕದ ಜಾಲಿಯವಳು, ನನ್ನ ಊಟದ ಡಬ್ಬಿಯ ಪಾಲುದಾರಳು.

ಪರದೆಯ ಮೇಲೆ ಗಿರಿಜತ್ತೆ. ತಲೆಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ತಂಗಿ, ಮರುಭೂಮಿ ಯಾವ ಬದಿಗೆ ಅದೆ ಹೇಳು. ನಾ ಬಂದಾಗಿಂದ ಹುಡುಕ್ತಾ ಇದ್ದೆ.”

ಅವಳ ಹಿಂದೆ ಜಿಟಿಜಿಟಿ ಮಳೆ. ಮಳೆಯ ಹಿಂದೆ ತೆಂಗಿನ ತೋಟ. ತೋಟದ ಮುಂದೆ ರಸ್ತೆ ಬದಿಗೆ ಸಾಲು ಅಂಗಡಿ, ಅಂಗಡಿಯಲ್ಲಿ ಎಳನೀರಿನ ರಾಶಿ, ನೇತುಹಾಕಿದ ಬಾಳೆಗೊನೆ. ಅದರ ಹಿಂದೆ ಹಸಿರು ಗುಡ್ಡ, ಮಂಜು. ಅದೇ ಫೋಟೊ. ಮೂಲೆಯಲ್ಲಿ ಅದೇ ಎಮ್ಮೆ. ಈಗ ಅದು ನಿಧಾನವಾಗಿ ತಿರುಗಿತು. ಒಂಟೆ.

“ಹನ್ನೆರಡು ಕಾಯಿ ಹೊತ್ಕಂಡು ತೋಟಕ್ಕೇ ಬಂದಂಗಾತು” ಎಂದಳು ಅತ್ತೆ. “ಗೋವೆಲಿ ಪೆಟ್ಟಿಗೆ ಬಿಚ್ಚಿಸಿ, ಇದು ಕೊಬ್ಬರಿಯೋ ಕಾಯಿಯೋ, ಒಣಕೊಬ್ಬರಿ ವಿಮಾನಕ್ಕೆ ಬಿಡೂದಿಲ್ಲ ಅಂತ ಕೇಳಿದ್ರು. ಅವರ ಕಿವಿ ಹತ್ರ ಅಲ್ಲಾಡಿಸಿ ನೀರು ಕೇಳಿಸ್ದೆ. ಇಲ್ಲಿ ಬಂದು ನೋಡಿದ್ರೆ ಅಳಿಯ ಗಾಡಿಯೊಳಗೆ ನಂಗೆ ಅಂತ ಎಳನೀರು ತಂದಿಟ್ಟಿದ್ದ.”

“ಧೂಪ?” ನಾನು ಕ್ಷೀಣವಾಗಿ ಕೇಳಿದೆ.

“ಧೂಪದ ಮರ ಬೆಳೆಯೂದೇ ಈ ಊರಲ್ಲಂತೆ. ಪಕ್ಕದ ಮನೆಯವಳು, ಈ ದೇಶದವಳೇ, ಒಂದು ಬಟ್ಟಲು ತುಂಬ ತಂದು ಕೊಟ್ಳು. ನಾನು ನಮ್ಮ ಪೊಟ್ಟಣ ತೋರಿಸ್ದೆ. ಅವಳು ಮೂಸಿ ನೋಡಿ, ಭಾರೀ ಮರ್ಯಾದಿಂದ ವಾಪಸ್ ಕೊಟ್ಳು.”

ಹಿಂದಿನಿಂದ ಸುಜಾತಕ್ಕನ ದನಿ ಬಂತು: “ನನ್ನ ಮನಸ್ಸಿನಲ್ಲಿ ಇವತ್ತೂ ಮಳೆ ಬರ್ತಾ ಅದೆ ಅಂತ ಹೇಳು ಅವಳಿಗೆ.”

ನಸ್ರೀನ್ ಮೇಜಿನ ಮೇಲೆ ತಲೆಯಿಟ್ಟಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಕಣ್ಣೊರೆಸಿಕೊಂಡು ಹೇಳಿದಳು: “ಸಲಾಲಾ ಅಂತ ಒಂದು ಮಾತು ನನ್ನ ಹತ್ರ ಹೇಳಿದ್ರೆ ಆಗ್ತಿತ್ತಲ್ಲ ಮಾರಾಯ್ತಿ. ನಮ್ಮ ಮಳೆಗಾಲದಲ್ಲೇ ಅಲ್ಲೂ ಮಳೆಗಾಲ. ದುಬೈಯವರು, ಮಸ್ಕತ್‌ನವರು ಸೆಕೆ ತಡೆಯದೆ ಮಳೆ ನೋಡೂಕೆ ಅಲ್ಲಿಗೆ ಹೋಗ್ತಾರೆ. ಜಾಲಿಯಲ್ಲಿ ಸಣ್ಣ ಮಕ್ಕಳಿಗೂ ಇದು ಗೊತ್ತು.”

ಊಟದ ಬಿಡುವಿನಲ್ಲಿ ಹೋಗಿ ನನ್ನ ಚಾರ್ಟು ಓದಿದೆ. ‘ಮಳೆ ಇಲ್ಲವೆಂದರೂ ನಡೆಯುತ್ತದೆ.’ ಅದರ ಎದುರು ದಿನವೂ ಕೂರುವ ಮಕ್ಕಳ ಮುಖ ನೆನಪಾಯಿತು. ಇಷ್ಟು ದಿನ ಒಬ್ಬರೂ ನಗದೆ ಕೂತಿದ್ದರು. ಅಷ್ಟು ಸಂಸ್ಕಾರವಂತ ಮಕ್ಕಳಿಗೆ ನಾನು ಇನ್ನೇನು ಕಲಿಸಲಿ?

ಇಲ್ಲಿಯವರೆಗಿನದು ನಗುವ ವಿಷಯ. ಕೊಡೆಯನ್ನು ಅಲ್ಲೇ ಕೊಂಡರು. ಕಾಯಿಗಳನ್ನು ಅತ್ತೆ ಎರಡು ದಿನಕ್ಕೊಂದರಂತೆ, ನನ್ನ ಹೆಸರು ಹೇಳಿ ಒಡೆದಳು.

ವಾರದೊಳಗೆ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಸೌಖ್ಯ. ಫೋಟೊದಲ್ಲಿ ಮಗುವನ್ನು ಅಂಗಡಿಯಿಂದ ತಂದ ಒಂದು ಬಿಳಿ ಹೊದಿಕೆಯಲ್ಲಿ ಸುತ್ತಿದ್ದರು. ಅತ್ತೆಗೆ ಫೋನು ಮಾಡಿದೆ. ಬೈಯಲಿ ಎಂದೇ ಮಾಡಿದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಮಗು ಬೆಚ್ಚಗಿದೆಯಾ ಅತ್ತೆ?”

“ಬೆಚ್ಚಗದೆ. ಅಂಗಡಿದು ಒಳ್ಳೇದೇ ಅದೆ, ಮೆತ್ತಗದೆ.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಹೆಸರಿಡೂ ದಿವಸಕ್ಕಾದ್ರೂ ಅಜ್ಜಿ ಸೀರೆಲಿ ಮಲಗಿಸ್ಬೇಕು ಅಂತಿತ್ತು. ಅಷ್ಟೇ. ನೀ ಎಂತ ಬೇಜಾರ ಮಾಡ್ಕಬೇಡ. ನಂಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದಲ ನೀನು.”

ಹೊದಿಕೆ ನನ್ನ ಕಪಾಟಿನಲ್ಲಿತ್ತು. ತೆಗೆದು ನೋಡಿದೆ. ಒತ್ತೊತ್ತಾದ ಹೊಲಿಗೆ. ಅಂಚಿನ ಮೂಲೆಯಲ್ಲಿ ಅಜ್ಜಿಯ ಸೀರೆಯ ನೀಲಿ ಸ್ವಲ್ಪವೇ ಇಣುಕುತ್ತಿತ್ತು. ಹೆಸರಿಡುವ ದಿನಕ್ಕೆ ಹೆಚ್ಚು ಸಮಯ ಉಳಿದಿರಲಿಲ್ಲ. ಪಾರ್ಸೆಲ್ ಕಳಿಸುವ ಕಡೆ ವಿಚಾರಿಸಿದರೆ, ಅಷ್ಟರೊಳಗೆ ತಲುಪುವ ಭರವಸೆಯನ್ನು ಯಾರೂ ಕೊಡಲಿಲ್ಲ.

ಮರುದಿನ ನಸ್ರೀನಳಿಗೆ ಹೇಳಿದೆ. ಈ ಸಲ ಅವಳು ನಗಲಿಲ್ಲ.

“ಪಾರ್ಸೆಲ್ ಎಂತಕೆ? ಜಾಲಿಯಲ್ಲಿ ಯಾರಾದ್ರೂ ಹೋಗುವವರು ಇದ್ದೇ ಇರ್ತಾರೆ” ಎಂದು ಫೋನು ತೆಗೆದು ತನ್ನ ಮನೆಮಾತು ನವಾಯತಿಯಲ್ಲಿ ಮಾತಾಡಿದಳು. ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ. ನನಗೆ ಅರ್ಥವಾದದ್ದು ‘ಸಲಾಲಾ’ ಎಂಬುದೊಂದೇ. ನನ್ನ ಬೆಳಗಿನ ಬಸ್ಸು ಶಿರಾಲಿ ಪೇಟೆ ದಾಟಲು ಹಿಡಿಯುವಷ್ಟು ಹೊತ್ತೂ ಆಗಿರಲಿಲ್ಲ, ಆಳು ಸಿಕ್ಕಿತು. ನಸ್ರೀನಳ ಮನೆಯ ಹಿಂದಿನ ಬೀದಿಯ ಜುಬೇದಾ ಚಾಚಿಯ ಮಗ ಇರ್ಫಾನ್. ರಜೆ ಮುಗಿಸಿ ಆ ವಾರವೇ ಸಲಾಲಾಕ್ಕೆ ವಾಪಸ್ ಹೊರಟಿದ್ದ.

ಹೊದಿಕೆ ಹಿಡಿದುಕೊಂಡು ಜಾಲಿಗೆ ಹೋದೆ. ಜುಬೇದಾ ಚಾಚಿಯ ಪಡಸಾಲೆಯಲ್ಲಿ ಪೆಟ್ಟಿಗೆ ತೆರೆದಿತ್ತು. ಅದರಲ್ಲಿ ಎಲ್ಲಕ್ಕಿಂತ ಮೇಲೆ ಒಂದು ದೊಡ್ಡ ಕೊಡೆಯಿತ್ತು. ನಾನು ಅದರ ಕಡೆ ನೋಡದೆ ಕೂತೆ.

“ಮೊದಲು ತಿನ್ನು ಬೇಟಿ, ಆಮೇಲೆ ಮಾತು” ಎಂದರು ಚಾಚಿ. ತಟ್ಟೆಯಲ್ಲಿ ಏನೇನೋ ಬಂತು. ಎಲ್ಲವೂ ರುಚಿಯಾಗಿತ್ತು. ನಾನು ಯಾರು, ಅತ್ತೆ ಯಾರು ಎಂದು ಹೇಳಲು ಹೊರಟರೆ, “ಮಗುದು ಅಂತ ನಸ್ರೀನ್ ಹೇಳಿದ್ದಾಳೆ, ಸಾಕು” ಎಂದುಬಿಟ್ಟರು. ಹೊದಿಕೆ ಬಿಚ್ಚಿ, ಬೆಳಕಿಗೆ ಹಿಡಿದು, ಹೊಲಿಗೆಯನ್ನು ಮುಟ್ಟಿ ನೋಡಿದರು.

“ಯಾರ ಸೀರೆ?”

“ಒಳಗಿನದು ನನ್ನ ಅಜ್ಜಿಯದು. ಈಗ ಇಲ್ಲ ಅವರು.”

ಚಾಚಿ ಹೊದಿಕೆಯನ್ನು ಜೋಪಾನವಾಗಿ ಮಡಚಿದರು. ಪೆಟ್ಟಿಗೆಯಲ್ಲಿ ಹೊದಿಕೆಯನ್ನಿಟ್ಟು ಮುಚ್ಚಳ ಒತ್ತಿದರು. ಮುಚ್ಚಲಿಲ್ಲ. ಇರ್ಫಾನ್ ತೂಗಿ ನೋಡಿದ. ತೂಕವೂ ಜಾಸ್ತಿ. ಚಾಚಿ ಪೆಟ್ಟಿಗೆಯೊಳಗೆ ಕೈಹಾಕಿ ದೊಡ್ಡದೊಂದು ಉಪ್ಪಿನಕಾಯಿ ಬಾಟಲಿ ತೆಗೆದರು. ಆಮೇಲೆ ಶ್ಯಾವಿಗೆಯ ಒಂದು ಕಟ್ಟು. ಅದೂ ಸಾಲದೆ ಇನ್ನೊಂದು ಕಟ್ಟು.

“ಅಮ್ಮಾ, ಅದು ರೂಮಿನವರಿಗೆಲ್ಲ ಹೇಳಿಟ್ಟಿದ್ದೇನೆ” ಎಂದ ಇರ್ಫಾನ್.

“ರೂಮಿನವರು ಹುಟ್ಟಿ ಎಷ್ಟು ವರ್ಷ ಆಯ್ತು?” ಚಾಚಿ ಕೇಳಿದರು. “ಇದು ಹುಟ್ಟಿ ಇನ್ನೂ ಎಷ್ಟು ದಿನ ಆಯ್ತು?”

ಇರ್ಫಾನ್ ನಕ್ಕು ಮುಚ್ಚಳ ಒತ್ತಿದ. ಪೆಟ್ಟಿಗೆ ಮುಚ್ಚಿತು.

ತೆಂಗಿನಕಾಯಿಗಾಗಿ ಹೊದಿಕೆ ತೆಗೆದವಳು ನಾನು. ಆ ಮಗುವಿನ ಮುಖವನ್ನೂ ನೋಡದ ಈ ತಾಯಿ, ಹೊದಿಕೆಗಾಗಿ ತನ್ನ ಮಗನ ಶ್ಯಾವಿಗೆ ತೆಗೆದಿದ್ದರು. ಎರಡು ದೇಶಗಳ ನಡುವೆ ಸ್ಕೇಲು ಹಿಡಿದು ಗೆರೆ ಎಳೆದ ನನಗೆ, ಹೊನ್ನಾವರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ ಇಂಥ ಮನೆಯೊಂದಿದೆ ಎಂದು ತಿಳಿದಿರಲಿಲ್ಲ. ಧನ್ಯವಾದ ಹೇಳಲು ಬಾಯಿ ತೆರೆದೆ. ಚಾಚಿ ಅದನ್ನು ಬೇರೆ ರೀತಿ ತಿಳಿದು ಇನ್ನಷ್ಟು ಬಡಿಸಿದರು. ತಿಂದೆ.

ಹೆಸರಿಡುವ ಹಿಂದಿನ ದಿನ ಇರ್ಫಾನ್ ಕೆಲಸ ಮುಗಿಸಿಕೊಂಡು, ಮಳೆಯಲ್ಲಿ, ಸುಜಾತಕ್ಕನ ಮನೆ ಹುಡುಕಿಕೊಂಡು ಹೋಗಿ ಹೊದಿಕೆ ಕೊಟ್ಟ. ಬಾಗಿಲಲ್ಲೇ ಕೊಟ್ಟು ಹೊರಟವನನ್ನು ಅತ್ತೆ ಒಳಗೆ ಕರೆದು ಕೂರಿಸಿ ಕಾಯಿಕಡುಬು ಮಾಡಿ ಹಾಕಿದಳಂತೆ. ಹೂರಣಕ್ಕೆ ನನ್ನ ಕಾಯಿ. ಆ ಹನ್ನೆರಡರಿಂದ ಆದ ಏಕೈಕ ಸಾರ್ಥಕ ಕೆಲಸ ಅದು. ‘ಶ್ಯಾವಿಗೆ ಹೋದದ್ದಕ್ಕೆ ಕಡುಬು ಬಂತು’ ಎಂದು ಅವನು ಮನೆಗೆ ಸುದ್ದಿ ಕಳಿಸಿದ.

ಮರುದಿನ ಫೋಟೊ ಬಂತು. ನೀಲಿ ಇಣುಕುವ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಮಗು ನಿದ್ದೆ ಮಾಡುತ್ತಿತ್ತು. ಕಿಟಕಿಯಾಚೆ ಮಂಜು. ಮಗುವಿಗೆ ನನ್ನ ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಆ ಫೋಟೊವನ್ನು ಎಷ್ಟು ಸಲ ನೋಡಿದೆ ಎಂಬ ಲೆಕ್ಕ ಮಾತ್ರ ನನ್ನ ದಿನಚರಿಯಲ್ಲಿ ಇಲ್ಲ.

ಚಾರ್ಟನ್ನು ನಾನು ಇಳಿಸಲಿಲ್ಲ. ಹವಾಮಾನದ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ, ‘ಗೊತ್ತಿದ್ದವರು ಬರೆಯಿರಿ’ ಎಂದು ಬಿಟ್ಟೆ. ಸಂಜೆಯೊಳಗೆ ಕಾಗದ ತುಂಬಿತು. ಒಂದು ಮೂಲೆಯಲ್ಲಿ ಯಾರೋ ಒಂಟೆಯ ಚಿತ್ರ ಬರೆದು, ಕೆಳಗೆ ‘ಇದು ಎಮ್ಮೆ ಅಲ್ಲ’ ಎಂದು ಬರೆದಿದ್ದರು. ನಸ್ರೀನಳನ್ನು ಬಿಟ್ಟರೆ ಆ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಅತ್ತೆ ವಾಪಸ್ ಬಂದಳು. ಮೈಯೆಲ್ಲ ಧೂಪದ ಪರಿಮಳ. ಪೆಟ್ಟಿಗೆ ತೆರೆದು ಎಲ್ಲರಿಗೂ ತಂದದ್ದನ್ನು ಹಂಚಿದಳು. ನನ್ನ ಕೈಗೆ ಒಂದು ಸುಲಿದ ತೆಂಗಿನಕಾಯಿ ಇಟ್ಟಳು.

“ನಿನ್ನ ಮರುಭೂಮಿದು. ಒಡೆದು ನೋಡು, ಒಳಗೆ ಹೊಯ್ಗೆ ಅದ್ಯೇನೋ.”

ಒಳಗೆ ಮರಳು ಇರಲಿಲ್ಲ. ನೀರು ಸಿಹಿಯಾಗಿತ್ತು. ಅರ್ಧ ಕಾಯಿಯನ್ನು ಮನೆಯಲ್ಲಿಟ್ಟು, ಉಳಿದರ್ಧವನ್ನು ತುರಿದು ಬರ್ಫಿ ಮಾಡಿ, ನಸ್ರೀನಳ ಜೊತೆ ಜುಬೇದಾ ಚಾಚಿಯ ಮನೆಗೆ ಒಯ್ದೆ. ಉಪ್ಪಿನಕಾಯಿಗೂ ಎರಡು ಕಟ್ಟು ಶ್ಯಾವಿಗೆಗೂ ಇದು ಸಮವಲ್ಲ ಎಂದು ಗೊತ್ತಿತ್ತು. ಆದರೂ ನನ್ನ ಕೃತಜ್ಞತೆಗೆ ಇದಕ್ಕಿಂತ ತಕ್ಕ ವಸ್ತು ಪ್ರಪಂಚದಲ್ಲಿ ಇರಲಿಲ್ಲ.

“ಸಲಾಲಾದ ಕಾಯಿಯದು ಚಾಚಿ” ಎಂದೆ.

ಚಾಚಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಆಶ್ಚರ್ಯದಿಂದ ನನ್ನನ್ನು ನೋಡಿದರು.

“ಅಲ್ಲಿಂದ ಕಾಯಿ ಹೊತ್ತು ತಂದರಾ? ನಮ್ಮ ಊರಲ್ಲಿ ಇಷ್ಟು ಕಾಯಿ ಇರುವಾಗ? ಇರ್ಫಾನ್ ಹೋಗಲು ಶುರುಮಾಡಿ ಇಷ್ಟು ವರ್ಷ ಆಯ್ತು ಬೇಟಿ, ಅಲ್ಲಿಂದ ಇಲ್ಲಿಗೆ ಕಾಯಿ ತಂದವರನ್ನು ನಾನು ನೋಡಿಲ್ಲ. ಇಲ್ಲಿಂದ ಅಲ್ಲಿಗೆ ಒಯ್ದವರನ್ನಂತೂ ಕೇಳಿಯೇ ಇಲ್ಲ. ಅಷ್ಟು ದಡ್ಡರು ಯಾರಿರ್ತಾರೆ?”

ನಸ್ರೀನ್ ಬರ್ಫಿ ಜಗಿಯುತ್ತ ಮಾಡಿನ ಹೆಂಚುಗಳ ಕಡೆ ನೋಡತೊಡಗಿದಳು.

“ಯಾರೂ ಇರಲಿಕ್ಕಿಲ್ಲ ಚಾಚಿ” ಎಂದೆ.